ಗಂಟು ಕೀಳುವ ಚಿಮುಟ

ಜೂನ್ 12

ಗುಬ್ಬೀ,

ನಿನ್ನ ಕಾಗದ ಬಂತು. ಎರಡು ಹಾಳೆ, ಹಿಂದೆ ಮುಂದೆ, ಬರೀ ಮೂಗು. ಎಲ್ಲಾದರೂ ಒಂದು ಮೂಲೆಯಲ್ಲಿ "ಅಜ್ಜಿ, ನೀನು ಹೇಗಿದ್ದೀಯ" ಅಂತ ಇದೆಯೇನೋ ಎಂದು ಕನ್ನಡಕ ಒರೆಸಿ ಒರೆಸಿ ಹುಡುಕಿದೆ. ಇಲ್ಲ. ಇರಲಿ. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಹೋದ ತಿಂಗಳಿನಷ್ಟೇ ಇದೆ. ಕೇಳಿದ್ದಕ್ಕೆ ಸಂತೋಷ.

ಹದಿನೈದು ವರ್ಷದವಳ ಮೂಗಿನ ಮೇಲೆ ಕಪ್ಪು ಚುಕ್ಕೆ ಬರದೆ ಮುತ್ತು ಬರುತ್ತದೇನೇ? ಅದಕ್ಕೊಂದು ಇಂಗ್ಲಿಷ್ ಹೆಸರು ಬೇರೆ, ಬ್ಲ್ಯಾಕ್‌ಹೆಡ್ಸು. ಹೆಸರಿಟ್ಟು ಸಾಕಿಕೊಂಡಿದ್ದೀಯ. ಆಗಸ್ಟ್ ಕೊನೆಗೆ ಶಾಲೆಯ ನಾಟಕ, ನಿನ್ನದು ನ್ಯಾಯಾಧೀಶೆಯ ಪಾತ್ರ, ದೀಪದ ಬೆಳಕೆಲ್ಲ ಮುಖಕ್ಕೇ ಬೀಳುತ್ತದೆ, ಸರಿ. ಜನ ಬರುವುದು ತೀರ್ಪು ಕೇಳುವುದಕ್ಕೋ, ಮೂಗು ಎಣಿಸುವುದಕ್ಕೋ? ಪಕ್ಕದ ಬೆಂಚಿನವಳು "ಮೂಗಿನ ಮೇಲೆ ಎಳ್ಳು ಚೆಲ್ಲಿದೆ" ಅಂದಳಂತೆ. ನಿನ್ನ ನಾಲಿಗೆಯ ಮೇಲೆ ಮೆಣಸು ಚೆಲ್ಲಿದೆ ಅನ್ನಬೇಕಿತ್ತು. ಅಲ್ಲಿ ಬಾಯಿ ಬರಲಿಲ್ಲ, ನನ್ನ ಮುಂದೆ ಎರಡು ಹಾಳೆ.

ಈಗ ಮುಖ್ಯ ಮಾತು. ನೀನು ಕೇಳಿದ ಚಿಮುಟ ನಾನು ಕಳಿಸುವುದಿಲ್ಲ.

ಅದು ಬಟ್ಟೆಯ ಸಾಮಾನು, ಮೂಗಿನದಲ್ಲ. ಮೂವತ್ತೊಂದು ವರ್ಷ ನಾನು ಗಿರಣಿಯಲ್ಲಿ ಗಂಟು ಕೀಳುವ ಕೋಣೆಯಲ್ಲಿದ್ದೆ. ಮಗ್ಗದಿಂದ ಇಳಿದ ಬಟ್ಟೆಯನ್ನು ಇಳಿಜಾರು ಮೇಜಿನ ಮೇಲೆ ಹಾಸಿ, ಕಿಟಕಿಯ ಬೆಳಕಿಗೆ ಹಿಡಿದು, ಬೆರಳ ತುದಿಯಲ್ಲಿ ಸವರುತ್ತಾ ಹೋಗುವುದು. ನೂಲಿನ ಗಂಟು ಸಿಕ್ಕಿತೋ, ಚಿಮುಟದ ಮೊನೆಯಿಂದ ಮೇಲಕ್ಕೆಬ್ಬಿಸಿ, ಪಕ್ಕದ ಎಳೆ ಹರಿಯದ ಹಾಗೆ ತೆಗೆಯುವುದು. ಕೆಲಸ ಮುಗಿದ ಮೇಲೆ ಬಟ್ಟೆಯ ಮೂಲೆಗೆ ನಮ್ಮ ನಮ್ಮ ನಂಬರಿನ ಚೀಟಿ ಹೊಲಿಯಬೇಕಿತ್ತು. ತೂತು ಬಿದ್ದಿದ್ದರೆ ಆ ನಂಬರಿನವಳ ಮೇಜಿಗೇ ವಾಪಸು. ನನ್ನದು ಹದಿನೇಳು. ಮೂವತ್ತೊಂದು ವರ್ಷದಲ್ಲಿ ನನ್ನ ಮೇಜಿಗೆ ವಾಪಸು ಬಂದದ್ದು ನಾಲ್ಕೇ ನಾಲ್ಕು ಸಲ. ಈ ಜಂಬವನ್ನು ನಿನ್ನ ಮುಂದೆ ಕೊಚ್ಚಿಕೊಂಡಿದ್ದೇ ನನ್ನ ತಪ್ಪು. ಗೋಡೆಯಾಚೆಯ ಮಗ್ಗಗಳು ನನ್ನ ಕಿವಿಯನ್ನೂ ತಿಂದವು. ಇಲ್ಲದಿದ್ದರೆ ಫೋನಿನಲ್ಲೇ ನಿನಗೆ ನಾಲ್ಕು ಬೈದು ಮುಗಿಸುತ್ತಿದ್ದೆ, ಈ ಬರೆಯುವ ಕಷ್ಟ ಇರುತ್ತಿರಲಿಲ್ಲ.

ಸೋಪು ಹಚ್ಚಿ ಮುಖ ತೊಳಿ. ಕೈ ಇಡಬೇಡ. ಮುಗಿಯಿತು.

ಇನ್ನೊಂದು. ನಿನ್ನ ಅಮ್ಮನ ಮೂಗಿನ ಬಲಗಡೆಯ ಕುಳಿ ಸಿಡುಬಿನದು ಅಂತ ಅವಳೇ ಹೇಳಿದಳು ಎಂದು ಬರೆದಿದ್ದೀಯ. ನನ್ನ ಮನೆಯಲ್ಲಿ ಸಿಡುಬಾ? ನನಗಿದ್ದದ್ದು ಒಂದೇ ಮಗು. ಆ ಮಗುವಿಗೆ ಸಿಡುಬು ಬಂದಿಲ್ಲ. ಹೇಳು ಅವಳಿಗೆ.

ಸಿಟ್ಟಿನಲ್ಲೂ ನಿನ್ನವಳೇ,
ಅಜ್ಜಿ


ಜುಲೈ 1

ಗುಬ್ಬೀ,

ಹೋದ ಸಲ ಎರಡು ಹಾಳೆ, ಈ ಸಲ ಎರಡು ಸಾಲು. "ಹಾಗಾದ್ರೆ ಆ ಕುಳಿ ಏನಜ್ಜಿ?" ಅಂತ ಒಂದು. "ಅಮ್ಮನನ್ನು ಕೇಳಿದೆ, ಅವಳು ನಲ್ಲಿ ತಿರುಗಿಸಿ ತೊಳೆದಿಟ್ಟ ತಟ್ಟೆಗಳನ್ನೇ ಮತ್ತೆ ತೊಳೆದಳು" ಅಂತ ಇನ್ನೊಂದು. ಪೊಲೀಸಿನವರ ಹಾಗೆ ಬರೆಯುತ್ತೀಯಲ್ಲ, ನ್ಯಾಯಾಧೀಶೆಯ ಪಾತ್ರ ಯಾಕೆ ಕೊಟ್ಟರೋ.

ಹಳೆಯ ಕಥೆ. ಅವಳಿಗೂ ನಿನ್ನಷ್ಟೇ ವಯಸ್ಸು, ನಿನ್ನಂಥವೇ ಚುಕ್ಕೆ. ತೆಗೆಯಲು ಹೋದಾಗ ಅವಳು ಅಲುಗಾಡಿದಳು. ಗಾಯವಾಯಿತು. ಅಷ್ಟೇ. ಅದರಲ್ಲಿ ತಟ್ಟೆ ತೊಳೆಯುವಂಥದ್ದೇನೂ ಇಲ್ಲ.

ಕಾಗದದ ಅಂಚಿನಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಬರೆದದ್ದನ್ನೂ ಓದಿದೆ. ಗೆಳತಿಯ ಮೊಬೈಲಿನಲ್ಲಿ ನೋಡಿ ಟೂತ್‌ಪೇಸ್ಟ್ ಹಚ್ಚಿದ್ದೀಯ. ಅದು ಉರಿದದ್ದಕ್ಕೆ ನಿಂಬೆಹಣ್ಣಿನ ಹೋಳಿಗೆ ಸಕ್ಕರೆ ಅದ್ದಿ ಉಜ್ಜಿದ್ದೀಯ. ಅಲ್ಲಾ ಕಣೇ, ಮೂಗಿಗೇನು ಹಲ್ಲು ಬಂದಿತ್ತಾ? ಸಕ್ಕರೆ ಹಾಕಿ ಉಜ್ಜುವುದಕ್ಕೆ ಅದೇನು ಸುಟ್ಟ ಪಾತ್ರೆಯ ತಳವಾ? ಚರ್ಮ ಕೆಂಪಾಗಿದೆ, ಚುಕ್ಕೆ ಇನ್ನೂ ಎದ್ದು ಕಾಣುತ್ತಿದೆ ಅಂತ ಅಳುತ್ತೀಯ. ಎದ್ದು ಕಾಣದೆ ಏನು ಮಾಡುತ್ತದೆ? ಕೆಂಪು ಜಮಖಾನ ಹಾಸಿ ಕೂರಿಸಿದ್ದೀಯಲ್ಲ.

ಮೊಬೈಲಿನಲ್ಲಿ ಬೋಧಿಸುವವಳ ಮೂಗು ಯಾರದ್ದು, ನಿನ್ನ ಮೂಗು ಯಾರದ್ದು? ನಿನಗೆ ಹೇಳಿ ಹೇಳಿ ನನ್ನ ಪೆನ್ನಿನ ಮೊನೆ ಸವೆಯಿತು. ಸುಮ್ಮನೆ ತೊಳಿ. ಸುಮ್ಮನೆ ಬಿಡು. ಸುಮ್ಮನೆ ಬಿಡುವುದು ನಮ್ಮ ವಂಶದಲ್ಲಿ ಯಾರಿಗೂ ಬರಲಿಲ್ಲ, ನೀನಾದರೂ ಕಲಿ.

ಅಜ್ಜಿ


ಜುಲೈ 14

ಅಜ್ಜಿ,

ಮೊದಲೇ ಕೇಳ್ತೀನಿ, ಹೇಗಿದ್ದೀಯ? ಮಂಡಿ ಹೇಗಿದೆ? ಸರಿ.

ಬೈಬೇಡ. ಭಾನುವಾರ ಅಮ್ಮ ಅಂಗಡಿಗೆ ಹೋದಾಗ ಹೇರ್‌ಪಿನ್ನಲ್ಲಿ ಒಂದೇ ಒಂದು ತೆಗೆದೆ. ಮೂಗಿನ ಬಲಗಡೆ. ಸ್ವಲ್ಪ ಬಂತು, ಸ್ವಲ್ಪ ಒಳಗೇ ಉಳೀತು, ಅದಕ್ಕೆ ಉಗುರಲ್ಲಿ ಒತ್ತಿದೆ. ಸೋಮವಾರಕ್ಕೆ ಮೂಗು ಬಟಾಣಿ ಇಟ್ಟ ಹಾಗೆ ಊದಿಕೊಳ್ತು. ನಾಟಕದ ಟೀಚರು ನೋಡಿ, "ಹೀಗೇ ಇದ್ದರೆ ಪಾತ್ರ ಬೇರೆಯವರಿಗೆ ಕೊಡಬೇಕಾಗುತ್ತೆ" ಅಂದ್ರು. ಬೇರೆಯವರು ಅಂದ್ರೆ ಪಕ್ಕದ ಬೆಂಚಿನವಳೇ.

ಅಮ್ಮ ನನ್ನನ್ನು ಬೈತಾಳೆ ಅಂದುಕೊಂಡಿದ್ದೆ. ಬೈಲಿಲ್ಲ. ನನ್ನ ಕೈಯಿಂದ ಪಿನ್ನು ತಗೊಂಡಳು, ಎರಡು ಸಲ ಕೆಳಗೆ ಬೀಳಿಸಿದಳು. ಹಲ್ಲಿನ ಡಾಕ್ಟರ ಹತ್ರ ದಿನಾ ಸೂಜಿ, ಇಕ್ಕಳ ಎಲ್ಲಾ ಎತ್ತಿ ಕೊಡೋಳು ಅಜ್ಜಿ, ಅವಳ ಕೈಯಿಂದ ಯಾವತ್ತೂ ಏನೂ ಬೀಳಲ್ಲ. ಆಮೇಲೆ ಒಂದೇ ಮಾತು ಅಂದಳು: "ಇದಕ್ಕೆ ನೀನು ಅಲುಗಾಡಿದ್ದೇ ಕಾರಣ ಅಂತ ನಿನಗೆ ಯಾರೂ ಹೇಳಬಾರದು."

ನಾನೇ ಮಾಡ್ಕೊಂಡಿದ್ದು, ಅಲುಗಾಡೋದು ಎಲ್ಲಿಂದ ಬಂತು? ನೀನೂ ಹೋದ ಕಾಗದದಲ್ಲಿ ಅದನ್ನೇ ಬರೆದಿದ್ದೆ. ಅವತ್ತು ಅಮ್ಮನ ಚುಕ್ಕೆ ತೆಗೆದದ್ದು ಯಾರು ಅಜ್ಜಿ?

ಆಸ್ಪತ್ರೆಗೆ ಕರ್ಕೊಂಡು ಹೋದಳು, ಮುಲಾಮು ಕೊಟ್ಟಿದ್ದಾರೆ. ದಾರಿಯುದ್ದಕ್ಕೂ ಮುಖಗವಸು ತೆಗೀಲಿಲ್ಲ ಅವಳು. ಅವರ ಆಸ್ಪತ್ರೇಲಿ ಎಲ್ಲರಿಗೂ ಅದನ್ನ ಹಾಕೋದು ಬೇಜಾರು, ಅಮ್ಮಂಗೆ ಮಾತ್ರ ಇಷ್ಟ.

ಊದಿದ ಮೂಗಿನ
ಗುಬ್ಬಿ


ಜುಲೈ 20

ಗುಬ್ಬೀ,

ನಿನ್ನ ಕಾಗದ ಓದಿ ಅರ್ಧ ಗಂಟೆ ಮನೆಯ ಗೋಡೆಗಳಿಗೆ ಬೈದೆ. ಗೋಡೆಯಾದರೂ ಕೇಳಿಸಿಕೊಳ್ಳುತ್ತದೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಎರಡು ಬಸ್ಸು ಹತ್ತಿ, ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ. ಮೂರು ಗಂಟೆ ಕಾದೆ. ಒಳಗೆ ಹೋದರೆ ಅವರು ನನ್ನ ಮುಖ, ಕೈ, ಕುತ್ತಿಗೆ ಎಲ್ಲ ನೋಡಿ, "ಎಲ್ಲಿ ತೊಂದರೆ ಅಜ್ಜಿ?" ಅಂದರು.

"ಮೂಗಿನಲ್ಲಿ."

"ನಿಮ್ಮ ಮೂಗು ಚೆನ್ನಾಗಿದೆಯಲ್ಲ."

"ಇದಲ್ಲ, ಬೇರೆ ಮೂಗು. ಅದು ಈ ಊರಲ್ಲಿಲ್ಲ."

ಹೊರಗೆ ದಬ್ಬುತ್ತಾರೆ ಅಂದುಕೊಂಡೆ. ಪಾಪ, ನಕ್ಕು, ಕುರ್ಚಿ ಎಳೆದುಕೊಂಡು, ನನ್ನ ಬಲಗಿವಿಯ ಹತ್ತಿರ ಕೂತು ಜೋರಾಗಿ ಹೇಳಿದರು. ಹೊರಗೆ ಕಾಯುತ್ತಿದ್ದವರಿಗೆಲ್ಲ ನಿನ್ನ ಮೂಗಿನ ವಿಚಾರ ಗೊತ್ತಾಯಿತು. ಒಳ್ಳೆಯದೇ ಆಯಿತು.

ಕೇಳು. ಆ ಕಪ್ಪು ಕೊಳೆಯಲ್ಲವಂತೆ. ನಾನು ಅರವತ್ತೊಂಬತ್ತು ವರ್ಷ ಕೊಳೆ ಅಂತಲೇ ನಂಬಿದ್ದೆ. ಚರ್ಮದ ಎಣ್ಣೆ ಸಣ್ಣ ತೂತಿನ ಬಾಯಲ್ಲಿ ಗಟ್ಟಿಯಾಗಿ ಕೂತು, ಗಾಳಿ ತಾಗಿ ಕಪ್ಪಾಗುತ್ತದಂತೆ, ಹೆಚ್ಚಿಟ್ಟ ಸೇಬಿನ ಹಾಗೆ. ಆದ್ದರಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಉಜ್ಜಿದಷ್ಟೂ ಕೆರಳುತ್ತದೆ. ಅದನ್ನು ಕೀಳಬಾರದು, ಮೆಲ್ಲಗೆ ಕರಗಿಸಬೇಕು.

ಈಗ ಊತ ಇಳಿಯುವ ತನಕ ಆಸ್ಪತ್ರೆಯವರು ಕೊಟ್ಟ ಮುಲಾಮು ಬಿಟ್ಟು ಬೇರೇನೂ ಬೇಡ. ಶುಭ್ರವಾದ ಬಟ್ಟೆಯನ್ನು ಬೆಚ್ಚಗಿನ ನೀರಲ್ಲಿ ಹಿಂಡಿ ಒಂದಿಷ್ಟು ಹೊತ್ತು ಇಟ್ಟುಕೋ, ಒತ್ತಬೇಡ. ಕೆಂಪು ಹರಡಿದರೆ, ಜ್ವರ ಬಂದರೆ, ಅದೇ ದಿನ ಮತ್ತೆ ಆಸ್ಪತ್ರೆಗೆ ಓಡು. ಮೂಗಿನ ಸುತ್ತಲಿನ ಗಾಯವನ್ನು ಹಗುರವಾಗಿ ನೋಡಬಾರದು ಅಂತ ಎರಡು ಸಲ ಹೇಳಿದರು.

ಪೂರಾ ವಾಸಿಯಾದ ಮೇಲೆ, ದಿನಕ್ಕೆ ಎರಡು ಸಲ, ಉಗುರುಬೆಚ್ಚಗಿನ ನೀರು, ಖಾರವಿಲ್ಲದ ಸೋಪು. ಒರೆಸಬೇಡ, ಬಟ್ಟೆ ಒತ್ತಿ ಒಣಗಿಸು. ಸ್ಯಾಲಿಸಿಲಿಕ್ ಆಸಿಡ್ ಅನ್ನುವುದು ಇರುವ ಜೆಲ್ಲು ಸಿಗುತ್ತದೆ. ಆ ಹೆಸರನ್ನು ಔಷಧಿ ಅಂಗಡಿಯವಳಿಂದ ನಾಲ್ಕು ಸಲ ಹೇಳಿಸಿ ಬರೆದುಕೊಂಡೆ. ಆಸಿಡ್ ಅಂದ ಕೂಡಲೇ ನಾನು ಎದ್ದು ನಿಂತಿದ್ದೆ, ಡಾಕ್ಟರಮ್ಮ ಕೈ ಹಿಡಿದು ಕೂರಿಸಿದರು, ಮುಖಕ್ಕೆ ಹಚ್ಚುವಷ್ಟು ಸೌಮ್ಯವಾದದ್ದಂತೆ. ಮೊದಲು ಎರಡು ದಿನಕ್ಕೊಮ್ಮೆ ತೆಳ್ಳಗೆ ಹಚ್ಚು. ಉರಿದರೆ ತೊಳೆದು ನಿಲ್ಲಿಸು. ಮೇಲೆ ಎಣ್ಣೆಯಿಲ್ಲದ ಕ್ರೀಮು ಸ್ವಲ್ಪ. ಬಿಸಿಲಿಗೆ ಹೋಗುವಾಗ ಬಿಸಿಲಿನ ಕ್ರೀಮು. ಕುದಿಯುವ ನೀರಿಗೆ ಮುಖ ಒಡ್ಡಬೇಡ, ಸುಟ್ಟುಕೊಂಡು ಬಂದವರನ್ನು ಅವರು ವಾರಕ್ಕೊಬ್ಬರಂತೆ ನೋಡುತ್ತಾರಂತೆ. ಆರೆಂಟು ವಾರ ಬೇಕು. ನಾಟಕಕ್ಕೆ ಅಷ್ಟು ದಿನ ಇಲ್ಲ, ನನಗೂ ಲೆಕ್ಕ ಬರುತ್ತದೆ. ಊತವಂತೂ ಇಳಿದಿರುತ್ತದೆ, ಪಾತ್ರಕ್ಕೆ ಅಷ್ಟು ಸಾಕು. ಮೂಗಿನ ಮೇಲೆ ಬೂದುಬಣ್ಣದ ಸಣ್ಣ ಸಣ್ಣ ಚುಕ್ಕೆ ಎಲ್ಲರಿಗೂ ಇರುತ್ತವೆ, ತೆಗೆದರೂ ಮತ್ತೆ ತುಂಬಿಕೊಳ್ಳುತ್ತವೆ. ಡಾಕ್ಟರಮ್ಮ ತಮ್ಮ ಮೂಗನ್ನೇ ತೋರಿಸಿದರು. ಇದ್ದವು.

ಎದ್ದು ಬರುವಾಗ ನಾನು ಒಂದು ಕೇಳಿದೆ. "ಇಪ್ಪತ್ತಾರು ವರ್ಷದ ಹಳೆಯ ಕುಳಿಗೆ ಏನಾದರೂ ಇದೆಯಾ?"

"ಸ್ವಲ್ಪ ಮೇಲೆ ತರಬಹುದು, ಪೂರಾ ಹೋಗುವುದಿಲ್ಲ. ಹೇಗಾಯಿತು ಅದು?" ಅಂದರು.

ನನಗೆ ಕಿವಿ ಕೇಳುವುದಿಲ್ಲ ಅನ್ನುವುದು ಆಗ ಅನುಕೂಲಕ್ಕೆ ಬಂತು. ಹೊರಗೆ ಬಂದುಬಿಟ್ಟೆ.

ಅಜ್ಜಿ


ಆಗಸ್ಟ್ 4

ಗುಬ್ಬೀ,

ಊತ ಇಳಿಯಿತು, ಪಾತ್ರ ನಿನ್ನ ಹತ್ತಿರವೇ ಉಳಿಯಿತು ಅಂತ ಬರೆದಿದ್ದೀಯ. ಕೊನೆಗೆ ಮತ್ತೆ ಅದೇ ಪ್ರಶ್ನೆ. ಯಾರು ತೆಗೆದದ್ದು? ಬಿಡುವವಳಲ್ಲ ನೀನು.

ನಾನು.

ಹದಿನೈದು ದಿನದಿಂದ ಈ ಕಾಗದ ಬರೆದು ಹರಿದು ಬರೆದು ಹರಿದು ಸಾಕಾಗಿದೆ. ನಾಲ್ಕನೇ ಕ್ಲಾಸು ಓದಿದವಳಿಗೆ ಇಷ್ಟು ಬರೆಸುತ್ತೀಯಲ್ಲ, ನಿನಗೆ ಸ್ವಲ್ಪವೂ ಕರುಣೆಯಿಲ್ಲ. ಕೂತು ಓದು. ಓದಿ ನಿನ್ನ ಅಮ್ಮನಿಗೂ ಕೊಡು. ಜೋರಾಗಿ ಓದಿ ಹೇಳಬೇಡ, ಅವಳ ಕೈಗೆ ಕೊಡು.

ಅವಳು ಹಾಡುತ್ತಿದ್ದಳು. ಅದು ನಿನಗೆ ಗೊತ್ತೇ ಇಲ್ಲ, ಅಲ್ಲವಾ? ಶಾಲೆಯ ಸಮಾರಂಭದಲ್ಲಿ ಇಡೀ ಶಾಲೆಯ ಮುಂದೆ ಅವಳೊಬ್ಬಳೇ ಹಾಡುವುದು ಅಂತ ಆಗಿತ್ತು. ಮೂರು ದಿನ ಮೊದಲು, ರಜೆಯ ಮಧ್ಯಾಹ್ನ, ನಾನು ಅವಳ ಮುಖ ನೋಡಿದೆ. ಅವಳು ಕೇಳಿರಲಿಲ್ಲ. ನಿನ್ನ ಹಾಗೆ ಅವಳಿಗೆ ಮೂಗಿನ ಚಿಂತೆಯೇ ಇರಲಿಲ್ಲ. ನನಗಿತ್ತು. ಇಡೀ ವಾರ ಬಟ್ಟೆಯಲ್ಲಿ ಗಂಟು ಹುಡುಕಿದ ಕಣ್ಣು, ಮನೆಗೆ ಬಂದರೂ ಹುಡುಕುತ್ತಿತ್ತು. "ಬಾ ಇಲ್ಲಿ, ಎರಡು ನಿಮಿಷ" ಅಂದೆ. ಅಡುಗೆಮನೆಯ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಎತ್ತಿ ಹಿಡಿದು, ಗಿರಣಿಯ ಚಿಮುಟ ತೆಗೆದೆ. ತೊಳೆಯಲೂ ಇಲ್ಲ ಅದನ್ನು.

ಹನ್ನೊಂದು ತೆಗೆದೆ. ಹನ್ನೆರಡನೆಯದು ಬರಲಿಲ್ಲ. "ಸಾಕಮ್ಮಾ" ಅಂದಳು. ನಾನು ಮೊನೆ ಒಳಗೆ ಹಾಕಿ ತಿರುಗಿಸಿದೆ.

ಗಿರಣಿಯಲ್ಲಿ ಹೊಸದಾಗಿ ಸೇರಿದವಳಿಗೆ ನಾನೇ ಕಲಿಸುತ್ತಿದ್ದೆ: ಬಾರದ ಗಂಟನ್ನು ಕೀಳಬೇಡ, ಸಡಿಲಿಸಿ ಬಟ್ಟೆಯ ಹಿಂಬದಿಗೆ ತಳ್ಳಿ ಮುಂದೆ ಹೋಗು, ಇಲ್ಲದಿದ್ದರೆ ತೂತು. ಬಟ್ಟೆಯ ಮೇಲೆ ಅಷ್ಟು ತಾಳ್ಮೆ ಇತ್ತು ನನಗೆ. ಬಟ್ಟೆ ಪರರದ್ದು. ಮಗಳು ನನ್ನವಳಲ್ಲವಾ, ಏನು ಮಾಡಿದರೂ ನಡೆಯುತ್ತದೆ ಅಂದುಕೊಂಡಿದ್ದೆನೋ ಏನೋ.

ಮೂರನೇ ದಿನಕ್ಕೆ ಅರ್ಧ ಮುಖ ಊದಿ ಕೀವು ತುಂಬಿತು. ಹಾಡು ಬೇರೆ ಹುಡುಗಿ ಹಾಡಿದಳು. ಆಮೇಲೆ ಇವಳು ಸ್ನಾನದ ಮನೆಯಲ್ಲೂ ಹಾಡಿದ್ದು ನಾನು ಕೇಳಲಿಲ್ಲ. ಆಗ ನನ್ನ ಕಿವಿ ಇನ್ನೂ ಚೆನ್ನಾಗಿಯೇ ಇತ್ತು.

ಡಾಕ್ಟರು ಕೇಳಿದಾಗ "ಇವಳು ಅಲುಗಾಡಿಬಿಟ್ಟಳು" ಅಂದೆ. ಪಕ್ಕದ ಮನೆಯವಳಿಗೂ ಅದನ್ನೇ ಅಂದೆ. ನಿನ್ನ ಅಮ್ಮನಿಗೂ ಅಂದೆ, ಅವಳು ಕನ್ನಡಿಯ ಮುಂದೆ ನಿಂತಾಗಲೆಲ್ಲ. "ಸುಮ್ಮನೆ ಕೂತಿದ್ದರೆ ಹೀಗಾಗುತ್ತಿತ್ತಾ?" ವರ್ಷಕ್ಕೊಮ್ಮೆ ಬಂದಾಗ ಅವಳು ನನ್ನ ಬಲಗಡೆಯೇ ಕೂರುತ್ತಾಳಲ್ಲ, ಕುಳಿಯಿರುವ ಕಡೆ ನನಗೆ ಕಾಣದ ಹಾಗೆ? ನನಗೆ ಕೇಳುವ ಕಿವಿ ಬಲಗಡೆಯದು, ಅದಕ್ಕೆ ಅಂತ ನಾನು ನನಗೇ ಹೇಳಿಕೊಂಡಿದ್ದೆ.

ಅವಳು ಅಲುಗಾಡಲಿಲ್ಲ ಗುಬ್ಬೀ. ಕೆಲಸ ಬಲ್ಲವಳಿಗೆ ಗುರುತು ನೋಡಿದರೆ ಗೊತ್ತಾಗುತ್ತದೆ. ಬಟ್ಟೆ ಜಾರಿದರೆ ಉದ್ದಕ್ಕೆ ಗೀರು ಬೀಳುತ್ತದೆ. ಕೈ ಒತ್ತಿದರೆ ದುಂಡಗೆ ತೂತು ಬೀಳುತ್ತದೆ. ಅವಳ ಮೂಗಿನ ಮೇಲಿರುವುದು ಗೀರಲ್ಲ. ಮೊದಲ ದಿನದಿಂದಲೇ ನನಗೆ ಗೊತ್ತಿತ್ತು.

ಅವಳು ನಿನ್ನ ಮುಂದೆ ಸಿಡುಬು ಅಂದು ನನ್ನನ್ನು ಮುಚ್ಚಿಟ್ಟಿದ್ದಳು. ನಾನು ಮೂಗು ತೂರಿಸಿ "ನನ್ನ ಮನೆಯಲ್ಲಿ ಸಿಡುಬಾ" ಅಂತ ಹಾರಾಡಿದೆ. ಹಾರಾಡಿದ್ದಕ್ಕೆ ನೋಡು ಈಗ ಈ ಕಾಗದ.

ಚಿಮುಟ ಬಿಸ್ಕತ್ತಿನ ಡಬ್ಬದಲ್ಲೇ ಇದೆ. ಎಸೆಯುವುದಿಲ್ಲ. ಕಬ್ಬಿಣದ್ದೇನು ತಪ್ಪು?

ಅಜ್ಜಿ


ಆಗಸ್ಟ್ 30

ಅಮ್ಮಾ,

ನಾಟಕ ಆಯಿತು. ನಿನ್ನ ಮೊಮ್ಮಗಳು ತೀರ್ಪು ಹೇಳುವ ಮೊದಲು ಮೂಗು ತುರಿಸಿಕೊಂಡಳು. ಜನ ಅದನ್ನೂ ನಟನೆ ಅಂದುಕೊಂಡು ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಹೇಳಿದ ಹಾಗೆ ನಡೆಸಿಕೊಂಡು ಹೋಗುತ್ತಿದ್ದೇವೆ. ಮೊದಲ ಸಲ ಜೆಲ್ಲು ಹಚ್ಚಿದಾಗ ಸ್ವಲ್ಪ ಉರಿಯಿತು, ಎರಡು ದಿನ ಬಿಟ್ಟು ಮತ್ತೆ ತೆಳ್ಳಗೆ ಹಚ್ಚಿದೆವು. ಚುಕ್ಕೆ ಇನ್ನೂ ಇವೆ, ಮೊದಲಿಗಿಂತ ಕಡಿಮೆ. ಹೇರ್‌ಪಿನ್ನಿನ ಗಾಯ ಗುರುತಿಲ್ಲದೆ ಹೋಯಿತು. ಅದಕ್ಕಾಗಿ ನೀನು ಎರಡು ಬಸ್ಸು ಹತ್ತಿ ಹೋದದ್ದು ಗೊತ್ತಾಯಿತು.

ಕಾಗದ ಓದಿದೆ. ಸಿಡುಬು ಅಂದದ್ದು ನಿನ್ನನ್ನು ಕಾಪಾಡುವುದಕ್ಕಲ್ಲ. ಪ್ರತಿಯೊಬ್ಬರಿಗೂ ವಿವರಿಸುವ ಗೋಜು ಬೇಡ ಅಂತ. ಅದು ನಿನಗೆ ತಿಳಿದಿರಲಿ.

ಈಗ ಅನ್ನಿಸುತ್ತದೆ, ನಾನೂ ಸ್ವಲ್ಪ ಅಲುಗಾಡಿರಬಹುದು. ಹಳೆಯದಾಯಿತು. ಬಿಟ್ಟುಬಿಡು.

ನಿನ್ನ ಮಗಳು


ಸೆಪ್ಟೆಂಬರ್ 6

ಮಗಳೇ,

ಇಪ್ಪತ್ತಾರು ವರ್ಷದಲ್ಲಿ ನೀನು ನನಗೆ ಬರೆದ ಮೊದಲ ಕಾಗದ. ಒಂದೇ ಪುಟ. ಅದರಲ್ಲೂ ಒಂದು ಸುಳ್ಳು.

ಸಿಡುಬಿನ ಮಾತು ಒಪ್ಪಿದೆ. ನನಗಾಗಿ ಹೇಳಿದ್ದಲ್ಲ ಅಂದೆಯಲ್ಲ, ಅದನ್ನು ಓದಿ ಒಂದು ದಿನ ಊಟ ಸೇರಲಿಲ್ಲ, ಆದರೂ ಒಪ್ಪಿದೆ. ಆದರೆ "ಅಲುಗಾಡಿರಬಹುದು" ಅನ್ನುವುದನ್ನು ಒಪ್ಪುವುದಿಲ್ಲ. ನಾನು ಹೇಳಿ ಹೇಳಿ ನಿನ್ನ ತಲೆಗೆ ತುರುಕಿದ ಮಾತನ್ನೇ ನನಗೆ ಸಮಾಧಾನ ಅಂತ ವಾಪಸು ಕೊಡುತ್ತೀಯಾ? ಬೇಡ. ಇಟ್ಟುಕೊಳ್ಳಬೇಡ, ಕೊಡಲೂ ಬೇಡ. ಮುಖಗವಸು ತೆಗೆದು ಕನ್ನಡಿ ನೋಡು. ಗೀರು ಇದೆಯಾ? ಇಲ್ಲ. ದುಂಡಗಿದೆ. ನೀನು ಕಲ್ಲಿನ ಹಾಗೆ ಕೂತಿದ್ದೆ. ಎರಡು ಕೈಯಲ್ಲೂ ಸ್ಟೂಲಿನ ಅಂಚು ಹಿಡಿದುಕೊಂಡಿದ್ದೆ, ಬೆರಳ ಗೆಣ್ಣು ಬೆಳ್ಳಗಾಗಿದ್ದವು. ನಾನು ನೋಡಿದೆ. ನೋಡಿಯೂ ತಿರುಗಿಸಿದೆ.

ಬಿಟ್ಟುಬಿಡು ಅನ್ನುತ್ತೀಯ. ಬಿಡುವುದು ನಿನ್ನ ಕೆಲಸ. ನೀನು ಯಾವಾಗ ಬೇಕೋ ಬಿಡು, ಬಿಡದಿದ್ದರೂ ಸರಿ. ನನ್ನ ಕೆಲಸ ಅದಲ್ಲ.

ಗುಬ್ಬಿಗೆ ಹೇಳು, ಚುಕ್ಕೆ ಕಡಿಮೆಯಾಯಿತು ಅಂತ ಜೆಲ್ಲು ದಪ್ಪಗೆ ಬಳಿಯಬಾರದು. ಅವಳ ಹಣೆಬರಹ ನನಗೆ ಗೊತ್ತು, ನನ್ನದೇ ಬೆರಳು ಅವಳಿಗೂ ಬಂದಿವೆ.

ಡಾಕ್ಟರಮ್ಮನ ವಿಳಾಸ ಈ ಕಾಗದದ ಹಿಂಬದಿ ಬರೆದಿದ್ದೇನೆ. ಕುಳಿ ಸ್ವಲ್ಪ ಮೇಲೆ ಬರುತ್ತದಂತೆ. ಬೇಕಿದ್ದರೆ ಹೋಗು. ಬೇಡವಾದರೆ ನನ್ನ ಮೇಲೆ ರೇಗಿ ಒಂದು ಕಾಗದ ಬರಿ, ಎರಡು ಪುಟ ಬರಿ. ಬಂದರೆ ನನ್ನ ಎಡಗಡೆ ಕೂತುಕೋ. ಆ ಕಿವಿ ಕೇಳುವುದಿಲ್ಲ, ಏನು ಬೇಕಾದರೂ ಅನ್ನಬಹುದು. ಹಾಡಲೂಬಹುದು.

ಕಾಗದದ ಕೆಳಗಿನ ಮೂಲೆ ನೋಡು. ಬಿಸ್ಕತ್ತಿನ ಡಬ್ಬದಲ್ಲಿ ಗಿರಣಿಯ ಚೀಟಿ ಒಂದು ಉಳಿದಿತ್ತು. ಕಣ್ಣು ಸರಿಯಿಲ್ಲ, ಸೂಜಿಗೆ ದಾರ ಹಾಕುವುದಕ್ಕೇ ಒಂದು ಹೊತ್ತು ಹಿಡಿಯಿತು. ಆದರೂ ನಾಲ್ಕು ಹೊಲಿಗೆ ಹಾಕಿದ್ದೇನೆ, ಕಿತ್ತರೆ ಬರುವುದಿಲ್ಲ. ನಾಲ್ಕು ಸಲ ವಾಪಸು ಬಂತು ಅನ್ನುತ್ತಿದ್ದೆನಲ್ಲ, ಐದು ಅಂತ ತಿದ್ದಿಕೊಳ್ಳಲು ಗುಬ್ಬಿಗೆ ಹೇಳು.

ಅಮ್ಮ,
ನಂಬರು ಹದಿನೇಳು